25 ಮೀಟರ್ ಕೊಳದ ಟೈಮಿಂಗ್ 50 ಮೀಟರ್‌ನಲ್ಲಿ ಯಾಕೆ ಬರಲ್ಲ?

ಕಾರಣ ಬಹುಶಃ ಟರ್ನ್, ಅಂದರೆ ಗೋಡೆ ಹತ್ತಿರ ತಿರುಗಿ, ಗೋಡೆ ಒದ್ದು ಮುಂದೆ ಹೋಗುವುದು. ನಿಮ್ಮ ಮಗಳು 100 ಮೀಟರ್ ಫ್ರೀಸ್ಟೈಲ್ ಅನ್ನು ತುಮಕೂರಿನ 25 ಮೀಟರ್ ಕೊಳದಲ್ಲಿ 1:10ಕ್ಕೆ ಮುಗಿಸಿ, ಬೆಂಗಳೂರಿನ 50 ಮೀಟರ್ ಕೊಳದಲ್ಲಿ 1:13 ತಗೊಂಡಳು ಅಂದಿರಲ್ಲ. 25 ಮೀಟರ್ ಕೊಳದಲ್ಲಿ ಗೋಡೆ ಒದೆಯಲು ಮೂರು ಸಲ ಸಿಗುತ್ತದೆ, 50 ಮೀಟರ್‌ನಲ್ಲಿ ಒಂದೇ ಸಲ. ದೊಡ್ಡವರಿಗೂ ಹೀಗೇ. ಆಸ್ಟ್ರೇಲಿಯಾದ ಈಜುಗಾರ ಕೈಲ್ ಚಾಮರ್ಸ್ ಇದೇ 100 ಮೀಟರ್ ಅನ್ನು 2021ರಲ್ಲಿ 25 ಮೀಟರ್ ಕೊಳದಲ್ಲಿ 44.84 ಸೆಕೆಂಡಿಗೆ ಮುಗಿಸಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ಕೊಳದಲ್ಲಿ ಚೀನಾದ ಪಾನ್ ಝಾನ್ಲೆ ವಿಶ್ವದಾಖಲೆ ಮಾಡಿದ್ದು 46.40ಕ್ಕೆ. ಸುಮ್ನೆ ಮಗಳನ್ನು ಬೈಯಬೇಡಿ.

ಮೊದಲು ಸ್ಪ್ಲಿಟ್ ನೋಡಿ, ಅಂದರೆ ಮೊದಲ 50 ಮೀಟರ್‌ಗೆ ಎಷ್ಟು, ಎರಡನೇ 50ಕ್ಕೆ ಎಷ್ಟು ಸಮಯ ಅಂತ. ಡೈವ್ ಇರುವುದರಿಂದ ಮೊದಲ 50 ಎರಡನೆಯದಕ್ಕಿಂತ ಎರಡು ಮೂರು ಸೆಕೆಂಡ್ ಕಮ್ಮಿ ಇರುವುದು ಸಹಜ. ವ್ಯತ್ಯಾಸ ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಶುರುವಲ್ಲೇ ಜೋರಾಗಿ ಹೋಗಿದ್ದಾಳೆ. ನನ್ನ ಮಗನದೂ ಇದೇ ಕತೆ. 35 ಮೀಟರ್ ದಾಟಿದರೆ ಮೊಣಕೈ ಕುಸಿದು ಅಂಗೈ ನೀರಿಗೆ ಪಟಪಟ ಬಡಿಯುತ್ತಿತ್ತು.

ಆಮೇಲೆ ವಾರಕ್ಕೆರಡು ದಿನ, ಗೋಡೆ ಮುಟ್ಟದೆ ಒಂದು ಮೀಟರ್ ಮುಂಚೆಯೇ ನೀರಲ್ಲಿ ತಿರುಗಿ ಈಜಿಸಿ. ಒದೆತ ಸಿಗಲ್ಲ, ಕೈಗೇ ಕೆಲಸ. ನಮಗೆ ಜಾಸ್ತಿ ಉಪಯೋಗವಾಗಿದ್ದು ಇದೇ. ಮೀಟ್‌ಗೆ ಮುಂಚೆ ಒಂದೆರಡು ಭಾನುವಾರ ಬೆಂಗಳೂರಿಗೆ ಹೋಗಿ 50 ಮೀಟರ್‌ನಲ್ಲೇ ಅಭ್ಯಾಸ ಮಾಡಿಸಿ.

ಸ್ಪ್ಲಿಟ್ ಸರಿ ಇದ್ದೂ ಟೈಮಿಂಗ್ ಬರದಿದ್ದರೆ ಕಾರಣ ಬೇರೆ ಇರಬಹುದು. ಆಗ ವಿಡಿಯೋ ಮಾಡಿ ಕೋಚ್‌ಗೆ ತೋರಿಸಿ.