ಹಳೆಯ ವಿಳಾಸ, ಹಳೆಯ ಕೋಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಬ್ಲಾಗರ್‌ನಲ್ಲಿ ಕನ್ನಡ ಬ್ಲಾಗ್ ನಡೆಸುತ್ತಿದ್ದೇನೆ. ನಾನೂರಕ್ಕೂ ಹೆಚ್ಚು ಬರಹಗಳಿವೆ. ಈಗ ಸ್ವಂತ ಡೊಮೇನ್ ಕೊಂಡು ವರ್ಡ್‌ಪ್ರೆಸ್‌ಗೆ ಹೋಗಬೇಕೆಂದಿದ್ದೇನೆ. ಹಳೆಯ ಓದುಗರನ್ನೂ ಹುಡುಕಾಟದ ಮೂಲಕ ಬರುವವರನ್ನೂ ಕಳೆದುಕೊಳ್ಳದಿರಲು ಏನು ಮಾಡಬೇಕು?

ಉತ್ತರ: ಡೊಮೇನ್ ಕೊಳ್ಳುವುದು ಒಂದು ಕೆಲಸ, ವರ್ಡ್‌ಪ್ರೆಸ್‌ಗೆ ಹೋಗುವುದು ಇನ್ನೊಂದು. ಎರಡನ್ನೂ ಒಂದೇ ವಾರದಲ್ಲಿ ಮುಗಿಸಹೊರಟರೆ, ಏನಾದರೂ ಕೆಟ್ಟಾಗ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಡೊಮೇನ್ ಕೊಂಡು ಅದನ್ನು ಈಗಿರುವ ಬ್ಲಾಗರ್ ಬ್ಲಾಗಿಗೇ ಜೋಡಿಸಿ. ಹಾಗೆ ಜೋಡಿಸಿದ ಮೇಲೆ ಹಳೆಯ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದವರನ್ನು ಬ್ಲಾಗರ್ ತಾನಾಗಿಯೇ ಹೊಸ ವಿಳಾಸಕ್ಕೆ ಕಳುಹಿಸುತ್ತದೆ. ಕೆಲವು ತಿಂಗಳು ಹಾಗೆಯೇ ಬಿಟ್ಟರೆ ಓದುಗರೂ ಹುಡುಕಾಟದ ಯಂತ್ರಗಳೂ ಹೊಸ ಹೆಸರಿಗೆ ಒಗ್ಗಿಕೊಳ್ಳುತ್ತಾರೆ. ವರ್ಡ್‌ಪ್ರೆಸ್‌ನ ಯೋಚನೆ ಆಮೇಲೆ.

ಆಗ ಎದುರಾಗುವುದು ಒಂದೊಂದು ಬರಹದ ವಿಳಾಸದ ಪ್ರಶ್ನೆ. ಬ್ಲಾಗರ್‌ನ ವಿಳಾಸದಲ್ಲಿ ವರ್ಷ, ತಿಂಗಳು, ಬರಹದ ಹೆಸರು, ಕೊನೆಯಲ್ಲಿ ಎಚ್‌ಟಿಎಮ್‌ಎಲ್ ಎಂಬ ಬಾಲ ಇರುತ್ತವೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತೆಗೆದುಕೊಳ್ಳದೆ ಬರಿದೇ ‘ಬ್ಲಾಗ್-ಪೋಸ್ಟ್’ ಎಂದು ಹೆಸರಿಟ್ಟು, ಅದು ಈಗಾಗಲೇ ಬಳಕೆಯಾಗಿದ್ದರೆ ಮುಂದೊಂದು ಅಂಕಿಯನ್ನು ಹಚ್ಚುತ್ತದೆ. ನಿಮ್ಮ ಬರಹಗಳಲ್ಲಿ ಬಹುಪಾಲಿಗೆ ಇಂಥ ಹೆಸರೇ ಇರಬಹುದು. ನೋಡಲು ಅಂದವಿಲ್ಲ, ನಿಜ. ಆದರೆ ಹನ್ನೊಂದು ವರ್ಷಗಳಲ್ಲಿ ಯಾರು ಯಾರೋ ಈ ಹೆಸರುಗಳಿಗೇ ಕೊಂಡಿ ಕೊಟ್ಟಿದ್ದಾರೆ. ಅವರೆಲ್ಲರ ಪುಟಗಳನ್ನು ನೀವು ತಿದ್ದಲಾರಿರಿ. ಆದ್ದರಿಂದ ವರ್ಡ್‌ಪ್ರೆಸ್‌ನ ಪರ್ಮಾಲಿಂಕ್ (ಬರಹದ ಕಾಯಂ ವಿಳಾಸದ) ವ್ಯವಸ್ಥೆಯಲ್ಲಿ ಬ್ಲಾಗರ್‌ನ ವಿನ್ಯಾಸವನ್ನೇ ಹೊಂದಿಸಿ, ಬರಹಗಳನ್ನು ತಂದ ಮೇಲೆ ಹೆಸರುಗಳೂ ಮೊದಲಿನಂತೆಯೇ ಇವೆಯೇ ಎಂದು ಪಟ್ಟಿ ಇಟ್ಟುಕೊಂಡು ಪರೀಕ್ಷಿಸಿ. ಹೆಸರು ಬದಲಿಸಲೇಬೇಕಾದಲ್ಲಿ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ, ‘ಶಾಶ್ವತ ಬದಲಾವಣೆ’ ಎಂಬ ಅರ್ಥದ 301 ಸಂಖ್ಯೆಯ ಮರುನಿರ್ದೇಶನ ಕೊಡಿ. 302 ಎಂದರೆ ‘ತಾತ್ಕಾಲಿಕ ಬದಲಾವಣೆ’ ಎಂಬ ಅರ್ಥ. ಅವಸರದಲ್ಲಿ ಅದನ್ನು ಹಾಕಿ ಮರೆಯುವವರು ಬಹಳ. ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷವಾದರೂ ಇಡಬೇಕೆಂದು ಗೂಗಲ್ ಹೇಳುತ್ತದೆ. ನನ್ನ ಪ್ರಕಾರ ಅದನ್ನು ತೆಗೆಯುವ ಅಗತ್ಯವೇ ಇಲ್ಲ.

ಇನ್ನೊಂದು ಎಚ್ಚರಿಕೆ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನು ವಿಳಾಸದೊಳಕ್ಕೆ ತೆಗೆದುಕೊಳ್ಳುತ್ತದೆ, ಆದರೆ ಸಂಕೇತಗಳಾಗಿ ಬದಲಿಸಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟಿಗೂ ಮೂರು ಚಿಹ್ನೆಗಳು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕಾಗಿ ಬರುವ ಅರ್ಧಾಕ್ಷರದ ಗುರುತೂ (್) ಸೇರಿ ಐದು ಸಂಕೇತಗಳಿರುವುದರಿಂದ ಅದೊಂದೇ 45 ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ಹೆಸರಿಗೆ ಮೀಸಲಿಟ್ಟಿರುವ ಜಾಗ 200 ಚಿಹ್ನೆಗಳು ಮಾತ್ರ. ಹಾಗಾಗಿ ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಹೊಸ ಬರಹಗಳಿಗೆ ರೋಮನ್ ಲಿಪಿಯಲ್ಲಿ ಎರಡು ಮೂರು ಪದಗಳ ಹೆಸರನ್ನು ನೀವೇ ಬರೆದರೆ ಈ ತಾಪತ್ರಯವಿರುವುದಿಲ್ಲ. ಹೊಸ ಬರಹಗಳನ್ನು ಓದುಗರಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ಫೀಡಿನ ವಿಳಾಸಕ್ಕೂ ಮರುನಿರ್ದೇಶನ ಕೊಡಲು ಮರೆಯಬೇಡಿ. ಇಂಥ ಫೀಡ್‌ಗಳನ್ನು ಓದಲೆಂದಿದ್ದ ಗೂಗಲ್ ರೀಡರ್ ಸೇವೆ 2013ರ ಜುಲೈನಲ್ಲಿ ಮುಚ್ಚಿದ ಮಾತ್ರಕ್ಕೆ ಫೀಡ್ ಓದುವವರೆಲ್ಲ ಇಲ್ಲವಾಗಲಿಲ್ಲ. ಉಳಿದಿರುವವರು ಸಾಮಾನ್ಯವಾಗಿ ಅತ್ಯಂತ ನಿಷ್ಠ ಓದುಗರು.

ಪ್ರಶ್ನೆ: ನಾವು ಮೂವರು ಸೇರಿ ಎಂಟು ವರ್ಷಗಳಿಂದ ಬಿಲ್ಲಿಂಗ್ ತಂತ್ರಾಂಶವೊಂದನ್ನು ಮಾರುತ್ತಿದ್ದೇವೆ. ಹೊಸದಾಗಿ ಸೇರಿದ ಪ್ರೋಗ್ರಾಮರ್, ‘ಈ ಕೋಡ್ ಅರ್ಥವಾಗುವಂತಿಲ್ಲ, ಎಲ್ಲವನ್ನೂ ಬಿಸಾಡಿ ಮೊದಲಿನಿಂದ ಬರೆಯೋಣ, ಆರು ತಿಂಗಳು ಸಾಕು’ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಆ ಆರು ತಿಂಗಳನ್ನು ನಂಬಬೇಡಿ. ಹಾಗೆಂದು ನಿಮ್ಮ ಹೊಸ ಸಹೋದ್ಯೋಗಿಯ ಮೇಲೆ ಮುನಿಯಲೂ ಬೇಡಿ. ಬೇರೆಯವರು ಬರೆದ ಕೋಡನ್ನು ಓದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ, ಆ ಕಷ್ಟವನ್ನೇ ಎಲ್ಲರೂ ಕೋಡಿನ ದೋಷವೆಂದು ತಿಳಿಯುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ.

ನೆಟ್‌ಸ್ಕೇಪ್‌ನ ಕಥೆ ಈ ವಿಷಯದಲ್ಲಿ ಪ್ರಸಿದ್ಧ. 1998ರಲ್ಲಿ ತನ್ನ ಬ್ರೌಸರಿನ ಕೋಡನ್ನು ಸಾರ್ವಜನಿಕವಾಗಿ ತೆರೆದ ಆ ಕಂಪನಿ, ಅದೇ ವರ್ಷ ಹಳೆಯ ಪುಟವಿನ್ಯಾಸದ ಎಂಜಿನನ್ನು ಕೈಬಿಟ್ಟು ಬಹುತೇಕ ಎಲ್ಲವನ್ನೂ ಹೊಸದಾಗಿ ಬರೆಯಲು ತೀರ್ಮಾನಿಸಿತು. ಮುಂದಿನ ಆವೃತ್ತಿ ಹೊರಬಂದದ್ದು 2000ದ ನವೆಂಬರಿನಲ್ಲಿ. ನಾಲ್ಕರ ನಂತರ ನೇರವಾಗಿ ಆರು, ಐದನೆಯದು ಬರಲೇ ಇಲ್ಲ. ಅಷ್ಟರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾರುಕಟ್ಟೆಯನ್ನು ಆಕ್ರಮಿಸಿಕೊಂಡಿತ್ತು. ಆ ಹೊಸ ಎಂಜಿನ್ ಮುಂದೆ ಫೈರ್‌ಫಾಕ್ಸ್‌ಗೆ ಆಧಾರವಾಯಿತೆಂಬುದು ನಿಜ, ಆದರೆ ಅದರ ಫಲ ಉಣ್ಣಲು ನೆಟ್‌ಸ್ಕೇಪ್ ಉಳಿದಿರಲಿಲ್ಲ.

ನಿಮ್ಮ ತಂತ್ರಾಂಶದ ವಿಕಾರವಾದ ಸಾಲುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊತ್ತವನ್ನು ಎಲ್ಲ ಸೇರಿಸಿದ ಮೇಲೆ ಪೂರ್ಣಾಂಕ ಮಾಡುವ ಬದಲು ಒಂದೊಂದು ಸಾಲಿನಲ್ಲೂ ಪೂರ್ಣಾಂಕ ಮಾಡುವ ವಿಚಿತ್ರ ಷರತ್ತು ಎಲ್ಲೋ ಇರಬಹುದು. ಅದನ್ನು ಬರೆದವರಿಗೆ ಹುಚ್ಚಿರಲಿಲ್ಲ. ಯಾವನೋ ಗ್ರಾಹಕನ ಲೆಕ್ಕ ಒಂದು ಪೈಸೆಯಷ್ಟು ತಾಳೆಯಾಗದೆ ಇಡೀ ಸಂಜೆ ಫೋನಿನಲ್ಲಿ ಕಳೆದ ಗುರುತು ಅದು. ಇದಕ್ಕಿಂತ ಸೋಜಿಗದ ಸಂಗತಿಯೂ ಉಂಟು. ಎಕ್ಸೆಲ್‌ನ ಒಂದು ಕೋಶದಲ್ಲಿ 60 ಎಂದು ಬರೆದು ಅದನ್ನು ದಿನಾಂಕದ ರೂಪಕ್ಕೆ ಬದಲಿಸಿ: 1900ರ ಫೆಬ್ರವರಿ 29 ಎಂದು ತೋರಿಸುತ್ತದೆ. 1900 ಅಧಿಕ ವರ್ಷವೇ ಅಲ್ಲ, ಅಂಥ ದಿನ ಇರಲೇ ಇಲ್ಲ. ಎಕ್ಸೆಲ್‌ಗಿಂತ ಮೊದಲೇ ಬಂದಿದ್ದ ಲೋಟಸ್ 1-2-3 ಎಂಬ ಲೆಕ್ಕಪಟ್ಟಿಯ ತಂತ್ರಾಂಶದಲ್ಲಿದ್ದ ಈ ತಪ್ಪನ್ನು, ಅದರ ಕಡತಗಳು ಎಕ್ಸೆಲ್‌ನಲ್ಲಿಯೂ ಸರಿಯಾಗಿ ತೆರೆದುಕೊಳ್ಳಲೆಂದು ಮೈಕ್ರೋಸಾಫ್ಟ್ ಬೇಕೆಂದೇ ಉಳಿಸಿಕೊಂಡಿತು. ತಿದ್ದಿದರೆ ಎಷ್ಟು ಜನರ ಹಾಳೆಗಳಲ್ಲಿ ದಿನಾಂಕಗಳು ಒಂದು ದಿನ ಸರಿದುಹೋಗಬಹುದೆಂಬ ಭಯದಿಂದ ಅದು ಇಂದಿಗೂ ಅಲ್ಲಿಯೇ ಇದೆ. ನಿಮ್ಮ ಗ್ರಾಹಕರೂ ನಿಮಗೇ ತಿಳಿಯದ ಇಂಥ ಕೆಲವನ್ನು ನೆಚ್ಚಿಕೊಂಡಿರುತ್ತಾರೆ.

ಮಾಡಬಹುದಾದದ್ದು ಇಷ್ಟು. ತಂತ್ರಾಂಶ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ 2004ರಲ್ಲಿ, ಬೇರೆ ಮರದ ಮೇಲೆ ಮೊಳೆತು ಬೇರಿಳಿಸುತ್ತ ಕೊನೆಗೆ ಅದರ ಜಾಗವನ್ನೇ ಪಡೆಯುವ ಅತ್ತಿಜಾತಿಯ ಮರಕ್ಕೆ ಹೋಲಿಸಿ ಒಂದು ಕ್ರಮವನ್ನು ವಿವರಿಸಿದರು. ಹಳೆಯ ತಂತ್ರಾಂಶ ಓಡುತ್ತಲೇ ಇರಲಿ. ಅದರ ಒಂದು ಭಾಗವನ್ನು, ರಸೀದಿ ಮುದ್ರಣವನ್ನು ಎನ್ನೋಣ, ಹೊಸದಾಗಿ ಬರೆದು ಜೋಡಿಸಿ. ಬರೆಯುವ ಮೊದಲು ನಿಜವಾದ ಐನೂರು ಬಿಲ್‌ಗಳನ್ನು ಹಳೆಯ ಕೋಡಿಗೆ ಕೊಟ್ಟು ಅದು ಕೊಡುವ ಉತ್ತರಗಳನ್ನು ದಾಖಲಿಸಿಟ್ಟುಕೊಳ್ಳಿ. ಹೊಸ ಕೋಡಿನ ಉತ್ತರ ಎಲ್ಲಿ ಬೇರೆಯಾಗುತ್ತದೆಯೋ ಅಲ್ಲಿ ಕುಳಿತು ಕಾರಣ ಹುಡುಕಿ. ನಿಮ್ಮ ಹೊಸ ಪ್ರೋಗ್ರಾಮರ್‌ಗೆ ಈ ಕೆಲಸವನ್ನೇ ಒಪ್ಪಿಸಿ. ಎರಡು ತಿಂಗಳಲ್ಲಿ ಹಳೆಯ ಕೋಡ್ ಅವರಿಗೆ ಅರ್ಥವಾಗಿರುತ್ತದೆ, ಬಿಸಾಡುವ ಮಾತು ಅವರೇ ಎತ್ತಲಾರರು.

ಪ್ರಶ್ನೆ: ನಾವು ಮಾರುವ ತಂತ್ರಾಂಶದಲ್ಲಿ ಓಪನ್ ಸೋರ್ಸ್ ಕೋಡ್ ಬಳಸಬಹುದೇ?

ಉತ್ತರ: ಬಳಸಬಹುದು, ಪರವಾನಗಿಯನ್ನು ಓದಿದ ಮೇಲೆ. ಎಂಐಟಿ ಮಾದರಿಯ ಪರವಾನಗಿಗಳು ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಳ್ಳುವಂತೆ ಮಾತ್ರ ಕೇಳುತ್ತವೆ. ಜಿಪಿಎಲ್ ಕೋಡನ್ನು ಬೆರೆಸಿದ ತಂತ್ರಾಂಶವನ್ನು ಗ್ರಾಹಕರಿಗೆ ಕೊಟ್ಟರೆ ಇಡೀ ತಂತ್ರಾಂಶದ ಮೂಲಕೋಡನ್ನು ಅದೇ ಷರತ್ತಿನ ಮೇಲೆ ಅವರಿಗೆ ಕೊಡಬೇಕಾಗುತ್ತದೆ. ಎಜಿಪಿಎಲ್ ಇನ್ನೂ ಮುಂದೆ ಹೋಗಿ, ನೀವು ಬದಲಿಸಿದ ತಂತ್ರಾಂಶವನ್ನು ಸರ್ವರ್‌ನಲ್ಲಿಟ್ಟು ಜಾಲದ ಮೂಲಕ ಬಳಸಗೊಟ್ಟರೂ ಮೂಲಕೋಡ್ ಕೊಡಬೇಕೆನ್ನುತ್ತದೆ.

ಪ್ರಶ್ನೆ: ನಮ್ಮ ಆದಾಯದ ಅರ್ಧ ಒಬ್ಬನೇ ದೊಡ್ಡ ಗ್ರಾಹಕನಿಂದ ಬರುತ್ತದೆ. ಆತ ಕೇಳುವ ಬದಲಾವಣೆಗಳು ಬೇರೆ ಯಾರಿಗೂ ಬೇಕಿಲ್ಲ, ಇಲ್ಲವೆನ್ನಲು ಧೈರ್ಯವೂ ಇಲ್ಲ. ಏನು ಮಾಡೋಣ?

ಉತ್ತರ: ಇಲ್ಲವೆನ್ನಬೇಕಾಗಿಲ್ಲ, ಆದರೆ ಆತನಿಗಾಗಿ ಕೋಡಿನ ಪ್ರತ್ಯೇಕ ಪ್ರತಿಯನ್ನು ಮಾತ್ರ ಎಂದಿಗೂ ಮಾಡಬೇಡಿ. ಮೊದಲ ದಿನ ಅದು ಅತ್ಯಂತ ಸುಲಭದ ದಾರಿಯಂತೆ ಕಾಣುತ್ತದೆ. ವರ್ಷ ಕಳೆಯುವಷ್ಟರಲ್ಲಿ ಪ್ರತಿ ದೋಷವನ್ನೂ ಎರಡು ಕಡೆ ತಿದ್ದಬೇಕು, ಎರಡು ಕಡೆ ಪರೀಕ್ಷಿಸಬೇಕು, ಎರಡನೆಯದರಲ್ಲಿ ತಿದ್ದಿದೆವೋ ಇಲ್ಲವೋ ಎಂಬುದೂ ನೆನಪಿರುವುದಿಲ್ಲ. ಕೋಡ್ ಎಲ್ಲರಿಗೂ ಒಂದೇ ಇರಲಿ. ಆತನ ವಿಶೇಷ ಬೇಡಿಕೆ ಒಂದು ಸೆಟ್ಟಿಂಗ್ ಆಗಿ, ಉಳಿದವರಿಗೆ ಮುಚ್ಚಿದ ಸ್ಥಿತಿಯಲ್ಲಿ ಅದರೊಳಗಿರಲಿ. ಹಾಗೆ ಮಾಡಲಾಗದ ಬೇಡಿಕೆ ಬಂದರೆ ಅದು ಬೇರೆಯೇ ಉತ್ಪನ್ನವೆಂದು ತಿಳಿದು ಬೇರೆಯೇ ಬೆಲೆ ಹೇಳಿ.

ಬೆಲೆಯಲ್ಲಿ ಬರೆಯುವ ಶ್ರಮವಷ್ಟೇ ಅಲ್ಲದೆ ಮುಂದಿನ ವರ್ಷಗಳ ನಿರ್ವಹಣೆಯೂ ಸೇರಿರಬೇಕು. ಒಂದು ಭಾಗವನ್ನು ಮುಂಗಡವಾಗಿ ಪಡೆಯಿರಿ, ಉಳಿದದ್ದು ಹಂತಹಂತವಾಗಿ ಬರಲಿ. ಬರೆದ ಕೋಡಿನ ಒಡೆತನ ಯಾರದು, ಅದನ್ನು ಬೇರೆ ಗ್ರಾಹಕರಿಗೂ ಕೊಡಬಹುದೇ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ; ಸ್ನೇಹದಿಂದಿರುವಾಗ ಈ ಮಾತೆತ್ತಲು ಸಂಕೋಚವಾಗುತ್ತದೆ, ಜಗಳವಾದ ಮೇಲೆ ಎತ್ತಿ ಪ್ರಯೋಜನವಿಲ್ಲ. ಸಾಧ್ಯವಾದಷ್ಟು ಬೇಗ ಸಣ್ಣ ಗ್ರಾಹಕರ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಿ. ಅಲ್ಲಿಯವರೆಗೆ ಆತ ನಿಮ್ಮ ಗ್ರಾಹಕನೆನ್ನುವುದಕ್ಕಿಂತ ನಿಮ್ಮ ಧಣಿ ಎನ್ನುವುದೇ ಸರಿ.

ಪ್ರಶ್ನೆ: ಪ್ರತಿ ರಾತ್ರಿ ತಾನಾಗಿಯೇ ಬ್ಯಾಕಪ್ ಆಗುವಂತೆ ಮಾಡಿದ್ದೇನೆ. ಇಷ್ಟು ಸಾಕೇ?

ಉತ್ತರ: ನಾನೂ ಹಾಗೆಯೇ ಮಾಡಿದ್ದೆ. ಡಿಸ್ಕ್ ತುಂಬಿದ ದಿನದಿಂದ ಪ್ರತಿ ರಾತ್ರಿ ಸರಿಯಾದ ಹೆಸರಿನ, ಸರಿಯಾದ ದಿನಾಂಕದ, ಸೊನ್ನೆ ಬೈಟ್ ಗಾತ್ರದ ಕಡತಗಳು ಸಾಲಾಗಿ ಕೂತಿದ್ದವು. ಗಾತ್ರದ ಕಡೆ ಕಣ್ಣು ಹಾಯಿಸಿದ್ದು ಬೇಕಾದ ದಿನವೇ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದು ಭಾವಿಸಿ ಮುಖ್ಯ ಡೇಟಾಬೇಸಿನ ಕಡತಗಳನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ ಇರಲಿಲ್ಲ: ಡೇಟಾಬೇಸಿನ ಆವೃತ್ತಿ ಒಂದು, ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿ ಇನ್ನೊಂದು ಆಗಿದ್ದರಿಂದ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ, ಹಾಗೆಂದು ಎಚ್ಚರಿಸುವ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಮುಂಚೆ ಬೇರಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಇದನ್ನೆಲ್ಲ ಕಂಪನಿಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು, ಮೆಚ್ಚಬೇಕಾದದ್ದು.

ಆದ್ದರಿಂದ ತಿಂಗಳಿಗೊಮ್ಮೆ ಬೇರೊಂದು ಖಾಲಿ ಕಂಪ್ಯೂಟರ್ ತೆಗೆದುಕೊಂಡು, ಹಿಂದಿನ ರಾತ್ರಿಯ ಬ್ಯಾಕಪ್ ಒಂದರಿಂದಲೇ ಎಲ್ಲವನ್ನೂ ಮತ್ತೆ ನಿಲ್ಲಿಸಿ, ಲಾಗಿನ್ ಆಗಿ, ನಿನ್ನೆಯ ಕೊನೆಯ ದಾಖಲೆ ಕಾಣುತ್ತದೆಯೇ ನೋಡಿ. ಶುರುವಿನಿಂದ ಅಲ್ಲಿಯವರೆಗೆ ಹಿಡಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಸರ್ವರ್ ಬಿದ್ದ ದಿನ ‘ಎಷ್ಟು ಹೊತ್ತಾಗುತ್ತದೆ’ ಎಂದು ಗ್ರಾಹಕರು ಕೇಳಿದಾಗ ಹೇಳಬೇಕಾದ ಉತ್ತರ ಅದೇ.