ಶತ್ರು ರೇಡಿಯೋದಲ್ಲಿ ನಮ್ಮವರ ಹೆಸರು

ಪ್ರಶ್ನೆ: ಅಜ್ಜಿಯ ಅಣ್ಣ ಸೈನ್ಯದಲ್ಲಿದ್ದರು, ಸಿಂಗಾಪುರದಲ್ಲಿ ಜಪಾನಿಯರಿಗೆ ಸೆರೆ ಸಿಕ್ಕಿದ್ದರು. ಆಗ ಸೆರೆಯಾಳುಗಳ ಹೆಸರನ್ನು ರೇಡಿಯೋದಲ್ಲಿ ಓದುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಶತ್ರು ದೇಶದವರು ನಮ್ಮ ಮನೆಯವರ ಸುದ್ದಿ ಯಾಕೆ ಕೊಡ್ತಾರೆ? ಇದು ನಿಜವಾ?
– ಓದುಗರೊಬ್ಬರು, ಮಲ್ಪೆ, ಉಡುಪಿ

ಉತ್ತರ: ನಿಜ. ಎರಡನೇ ಮಹಾಯುದ್ಧದಲ್ಲಿ ಇಂಥ ರೇಡಿಯೋ ಸಂದೇಶಗಳು ಲಕ್ಷಗಟ್ಟಲೆ ಹೋಗಿವೆ.

ಯುದ್ಧ ಶುರುವಾದ ಕೂಡಲೇ ಶತ್ರು ದೇಶಗಳ ನಡುವೆ ಟಪಾಲು ನಿಂತುಹೋಗುತ್ತದೆ. ರೆಡ್ ಕ್ರಾಸ್ ಮೂಲಕ ಜನಸಾಮಾನ್ಯರು 25 ಪದಗಳ ಚೀಟಿ ಕಳಿಸಬಹುದಿತ್ತು. ಅದು ಜಿನೀವಾ ಸುತ್ತಿ ಬರಲು ತಿಂಗಳುಗಳೇ ಬೇಕಿತ್ತು. ದೂರದೂರಕ್ಕೆ ಹೋಗುವ ಶಾರ್ಟ್‌ವೇವ್ ರೇಡಿಯೋಗೆ ಆ ತಾಪತ್ರಯ ಇಲ್ಲ. ಅದರ ಅಲೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ, ಅಂದರೆ ಅಯಾನುಮಂಡಲಕ್ಕೆ ತಾಗಿ ಸಾವಿರಾರು ಮೈಲಿ ದೂರದಲ್ಲಿ ಮತ್ತೆ ನೆಲಕ್ಕಿಳಿಯುತ್ತದೆ.

ಇನ್ನು ಶತ್ರುಗಳಿಗೆ ಏನು ಲಾಭ? ಟೋಕಿಯೋ, ಬರ್ಲಿನ್ ರೇಡಿಯೋಗಳಿಗೆ ಈ ಹೆಸರುಗಳು ಗಾಳಕ್ಕೆ ಸಿಕ್ಕಿಸಿದ ಎರೆ. ಮಗನ ಹೆಸರು ಈಗ ಬರುತ್ತದೆ, ಆಮೇಲೆ ಬರುತ್ತದೆ ಅಂತ ಕಾಯುವ ತಾಯಿ ಅವರ ಪ್ರಚಾರವನ್ನೂ ಪೂರ್ತಿ ಕೇಳುತ್ತಾಳೆ, ಅಲ್ವಾ? ಕ್ರೂರ ಉಪಾಯ ಅದು.

ಆದರೆ ಅದೇ ಉಪಾಯವನ್ನು ಸಾಮಾನ್ಯ ಜನ ಒಳ್ಳೆಯದಕ್ಕೆ ತಿರುಗಿಸಿದರು. ಅಮೆರಿಕದಲ್ಲಿ ಹವ್ಯಾಸಕ್ಕೆ ರೇಡಿಯೋ ಕೇಳುವವರು ರಾತ್ರಿ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಕರಕರ ಸದ್ದಿನ ನಡುವೆ ಕೇಳಿದ ಹೆಸರು, ವಿಳಾಸ, ಒಂದೆರಡು ಸಾಲು ಗೀಚಿಕೊಂಡು, ಗುರುತು ಪರಿಚಯ ಇಲ್ಲದ ಮನೆಗೆ ಕಾರ್ಡ್ ಬರೆಯುತ್ತಿದ್ದರು: ನಿಮ್ಮ ಮಗ ಬದುಕಿದ್ದಾನಂತೆ. ಒಂದೇ ಸುದ್ದಿಗೆ ಡಜನ್‌ಗಟ್ಟಲೆ ಕಾರ್ಡ್ ಬಂದ ಮನೆಗಳಿವೆ. ಶತ್ರು ರೇಡಿಯೋವನ್ನು ಸುಮ್ನೆ ನಂಬಬೇಡಿ ಎಂದು ಅಲ್ಲಿನ ಸೈನ್ಯ ಎಚ್ಚರಿಸುತ್ತಿತ್ತು. ಅದೂ ಸರಿಯೇ. ಆದರೂ ಆ ಕಾರ್ಡ್ ಬರೆದವರ ಬಗ್ಗೆ ನನಗೆ ಗೌರವ ಜಾಸ್ತಿ.

ಯಾವ ಪಕ್ಷಕ್ಕೂ ಸೇರದೆ ಈ ಕೆಲಸ ಮಾಡಿದ್ದು ವ್ಯಾಟಿಕನ್ ರೇಡಿಯೋ. 1931ರಲ್ಲಿ ಮಾರ್ಕೋನಿ ಕಟ್ಟಿಕೊಟ್ಟ ನಿಲಯ ಅದು. 1940ರಿಂದ 1946ರವರೆಗೆ ಸೆರೆಯಾಳುಗಳು ಮತ್ತು ಕಾಣೆಯಾದವರಿಗೆ ಸಂಬಂಧಿಸಿದ 12 ಲಕ್ಷಕ್ಕೂ ಹೆಚ್ಚು ಸಂದೇಶ ಅಲ್ಲಿಂದ ಹೋಗಿವೆ.

ಸಿಂಗಾಪುರ ಜಪಾನಿಯರ ಕೈಸೇರಿದ್ದು 1942ರ ಫೆಬ್ರವರಿ 15ರಂದು. ಅಲ್ಲಿ ಸೆರೆ ಸಿಕ್ಕ ಭಾರತೀಯ ಸೈನಿಕರೇ ಸಾವಿರಾರು. ನಿಮ್ಮ ಅಜ್ಜಿಯ ಅಣ್ಣನ ಬಗ್ಗೆ ಹುಡುಕಬೇಕಿದ್ದರೆ ಜಿನೀವಾದ ರೆಡ್ ಕ್ರಾಸ್ ದಾಖಲೆ ವಿಭಾಗಕ್ಕೆ ಅರ್ಜಿ ಹಾಕಿ. ಒಂದು ಸಲಕ್ಕೆ ಇಷ್ಟೇ ಅರ್ಜಿ ಅಂತ ಮಿತಿ ಇರುತ್ತದೆ, ತಾಳ್ಮೆ ಬೇಕು. ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ, ರೆಜಿಮೆಂಟ್, ಸೈನಿಕ ಸಂಖ್ಯೆ, ಇವುಗಳಲ್ಲಿ ಸಿಕ್ಕಿದ್ದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಹಳೆಯ ಪೆನ್ಷನ್ ಕಾಗದ ಇದ್ದರೆ ರೆಜಿಮೆಂಟ್ ಹೆಸರು ಅದರಲ್ಲೇ ಸಿಗಬಹುದು.