ಆಧಾರ್ ಜೆರಾಕ್ಸ್ ಬೇರೆಯವರ ಕೈಗೆ ಸಿಕ್ಕರೆ ಬ್ಯಾಂಕಿನ ದುಡ್ಡು ಹೋಗುತ್ತದಾ?

ಬದಿಯಡ್ಕದ ಜೆರಾಕ್ಸ್ ಅಂಗಡಿಯಲ್ಲಿ ಅಮ್ಮನ ಆಧಾರ್ ಪ್ರತಿ ಮರೆತು ಬಂದೆ, ಈಗ ಹೆದರಿಕೆ ಎಂದಿದ್ದೀರಿ. ಬರೀ ನಂಬರಿನಿಂದ ದುಡ್ಡು ಹೋಗುವುದಿಲ್ಲ. ಜೊತೆಗೆ ಒಟಿಪಿಯೋ ಬೆರಳಚ್ಚೋ ಬೇಕು.

ನನಗೆ ಜಾಸ್ತಿ ಚಿಂತೆ ಬೆರಳಚ್ಚಿನದ್ದೇ. ಊರಲ್ಲಿ ಬೆರಳು ಒತ್ತಿಸಿ ಹಣ ಕೊಡುವ ಸಣ್ಣ ಯಂತ್ರ ನೋಡಿದ್ದೀರಲ್ಲ, ಅದಕ್ಕೆ ಒಟಿಪಿ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳು ಇದ್ದರೆ ಸಾಕು. ಜಮೀನಿನ ದಾಖಲೆಯಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ದುಡ್ಡು ಎಳೆದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಬೆರಳನ್ನು ಏನು ಮಾಡೋದು?

ಹಾಗಾಗಿ ಇವತ್ತೇ ಆಧಾರ್‌ನ ಅಧಿಕೃತ ಆಪ್‌ನಲ್ಲಿ ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ಅವರ ಬೆರಳಚ್ಚು ಯಾರೂ ಬಳಸದಂತೆ ಬೀಗ ಹಾಕಿ. ಅವರ ಮೊಬೈಲ್ ನಂಬರು ಆಧಾರ್‌ಗೆ ಜೋಡಣೆ ಆಗಿರಬೇಕು ಅಷ್ಟೇ. ರೇಷನ್ ಅಂಗಡಿಗೆ ಹೋಗುವ ದಿನ ಲಾಕ್ ತೆಗೆಯಲು ಮರೆಯಬೇಡಿ. ನಮ್ಮ ಅತ್ತೆ ಸುಮ್ನೆ ಒಂದು ಗಂಟೆ ಸಾಲಲ್ಲಿ ನಿಂತು ಬರಿಗೈಯಲ್ಲಿ ಬಂದಿದ್ದರು!

ಇನ್ನು ಮುಂದೆ ಪ್ರತಿ ಕೊಡುವಲ್ಲಿ ಮಾಸ್ಕ್ಡ್ ಆಧಾರ್ ನಡೆಯುತ್ತದಾ ಕೇಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಹಣ ಕಡಿತವಾದ ಮೆಸೇಜ್ ಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.